ಐಸ್ ಫ್ಯಾಕ್ಟರಿಯ ಗಾಳಿ

ಮದುವೆಯಾದ ಹೊಸದರಲ್ಲಿ ಗಂಡನ ಅಂಗಿಗಳನ್ನು ಒಗೆಯಲು ನೆನೆಹಾಕುವಾಗ ನನ್ನ ಕಣ್ಣು ಚುರುಗುಟ್ಟುತ್ತಿತ್ತು. ಮೀನಿನ ವಾಸನೆ ಇರಬಹುದು ಎಂದು ಮೊದಮೊದಲು ಅಂದುಕೊಂಡೆ. ಆಮೇಲೆ ಗುರುತು ಹತ್ತಿತು. ಕಾಲೇಜಿನ ಪ್ರಯೋಗಾಲಯದಲ್ಲಿ ಬಾಟಲಿಯ ಬಿರಡೆ ತೆಗೆದ ಕೂಡಲೇ ಮೂಗಿಗೆ ಹೊಡೆಯುತ್ತಿದ್ದ ಅದೇ ಅಮೋನಿಯ.

ಅವರು ಹೊನ್ನಾವರದ ಬಂದರಿನ ಹತ್ತಿರ ಒಂದು ಐಸ್ ಫ್ಯಾಕ್ಟರಿಯಲ್ಲಿ ಆಪರೇಟರ್ ಆಗಿದ್ದರು. ನಾನು ಕುಮಟೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರು. ಮನೆ ಹಳದೀಪುರದಲ್ಲಿ, ಎರಡೂ ಊರಿನ ನಡುವೆ. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೆದ್ದಾರಿಗೆ ಬಂದು ನಿಲ್ಲುತ್ತಿದ್ದೆವು. ಅವರು ರಸ್ತೆಯ ಆಚೆ ಬದಿ, ನಾನು ಈಚೆ ಬದಿ. ಯಾರ ಬಸ್ಸು ಮೊದಲು ಬಂತೋ ಅವರು ಕೈ ಎತ್ತಿ ತೋರಿಸಿ ಹತ್ತುವುದು. ನಮಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಊರಿನವರು ಮಾತಾಡಿದಷ್ಟು ನಾವು ಮಾತಾಡಿಕೊಳ್ಳಲಿಲ್ಲ.

ಒಂದು ಭಾನುವಾರ ಅವರು ನನ್ನನ್ನು ಫ್ಯಾಕ್ಟರಿ ತೋರಿಸಲು ಕರೆದುಕೊಂಡು ಹೋದರು. "ನೀನು ಶಾಲೇಲಿ ಪಾಠ ಮಾಡುದೆಲ್ಲ ಅಲ್ಲೇ ಅದೆ, ಬಾ" ಅಂದರು. ಹೊರಗೆ ಸುಡುವ ಬಿಸಿಲು, ಒಳಗೆ ಕಾಲಿಟ್ಟರೆ ಹಲ್ಲು ಕಟಕಟ. ನೆಲಕ್ಕೆ ಹಲಗೆ ಹಾಸಿದ ಹಾಗೆ ಕಾಣುತ್ತಿತ್ತು. ಅವರು ಒಂದು ಹಲಗೆ ಎತ್ತಿದಾಗ ಕೆಳಗೆ ಉಪ್ಪುನೀರಿನ ದೊಡ್ಡ ತೊಟ್ಟಿ, ಅದರಲ್ಲಿ ಸಾಲಾಗಿ ನಿಂತ ತಗಡಿನ ಕ್ಯಾನುಗಳು. ಕ್ಯಾನಿನಲ್ಲಿದ್ದ ಸಿಹಿನೀರು ಅಂಚಿನಿಂದ ಬೆಳ್ಳಗಾಗುತ್ತ ಹೆಪ್ಪುಗಟ್ಟುತ್ತಿತ್ತು. ಸುತ್ತಲಿನ ಉಪ್ಪುನೀರು ಅದಕ್ಕಿಂತ ತಣ್ಣಗಿದ್ದರೂ ನೀರಾಗಿಯೇ ಇತ್ತು.

"ಕಂಪ್ರೆಸರ್ ಗ್ಯಾಸನ್ನ ಒತ್ತುತ್ತದೆ" ಎಂದು ಅವರು ಮಿಷನ್ನಿನ ಸದ್ದಿನ ಮೇಲೆ ಕೂಗಿ ಹೇಳಿದರು. "ಒತ್ತಿ, ಮೇಲಿಂದ ನೀರು ಬಿಟ್ರೆ ಅದು ದ್ರವ ಆತು. ಆ ದ್ರವಕ್ಕೆ ಸಣ್ಣ ತೂತಿಂದ ದಾರಿ ಕೊಟ್ರೆ ಮತ್ತೆ ಗ್ಯಾಸ್. ಗ್ಯಾಸ್ ಆಗುವಾಗ ಸುತ್ತ ಇದ್ದ ಬಿಸಿಯೆಲ್ಲ ಎಳಕಂಡು ಹೋಗ್ತದೆ."

"ಅದಕ್ಕೆ ಗುಪ್ತೋಷ್ಣ ಅಂತಾರೆ" ಅಂದೆ.

"ಎಂತ?"

"ಗುಪ್ತೋಷ್ಣ. ಒಳಗೇ ಹೋಗಿ ಸೇರ್ತದೆ, ಥರ್ಮಾಮೀಟರಿಗೂ ಕಾಣುದಿಲ್ಲ."

ಆ ಶಬ್ದ ಅವರಿಗೆ ತುಂಬ ಹಿಡಿಸಿಬಿಟ್ಟಿತು. ಆಮೇಲೆ ನಾನು ಯಾವುದಕ್ಕಾದರೂ ಸಿಟ್ಟಾಗಿ ಮಾತು ಬಿಟ್ಟರೆ, ಊಟಕ್ಕೆ ಕೂತವರು ಗೋಡೆಗೆ ಹೇಳಿದ ಹಾಗೆ "ಇವತ್ತು ಮನೇಲಿ ಗುಪ್ತೋಷ್ಣ ಅದೆ ಕಾಣ್ತದೆ" ಅನ್ನುವರು. ನಗು ತಡೆಯಲು ಆಗುತ್ತಿರಲಿಲ್ಲ.

ಅವರ ಜೊತೆ ಕೆಲಸ ಮಾಡುತ್ತಿದ್ದವರು ಭಟ್ಕಳದ ಪಕ್ಕದ ಜಾಲಿಯವರು. ಫಿಟ್ಟರ್. ನನ್ನ ಗಂಡನಿಗಿಂತ ವಯಸ್ಸಿನಲ್ಲಿ ಸ್ವಲ್ಪ ದೊಡ್ಡವರು, ಇವರು ಅವರನ್ನು ಭಾಯಿ ಎಂದು ಕರೆಯುತ್ತಿದ್ದರು. ಭಾಯಿಯ ಮನೆಮಾತು ಭಟ್ಕಳದ ಮುಸ್ಲಿಮರು ಆಡುವ ನವಾಯತಿ, ಇವರಿಗೆ ಅಕ್ಕಪಕ್ಕದವರಿಂದ ಕಲಿತ ಕೊಂಕಣಿ ಬರುತ್ತಿತ್ತು. ಇಬ್ಬರೂ ಎರಡನ್ನೂ ಕನ್ನಡದ ಜೊತೆ ಕಲಸಿ ಏನೋ ಒಂದು ಭಾಷೆ ಮಾಡಿಕೊಂಡಿದ್ದರು. ಆ ಮಿಷನ್ನಿನ ಸದ್ದಿನಲ್ಲಿ ಅದು ಅವರಿಬ್ಬರಿಗೆ ಮಾತ್ರ ಅರ್ಥವಾಗುತ್ತಿತ್ತು.

ಒಂದು ವರ್ಷ ಒಂಬತ್ತನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಘನ, ದ್ರವ, ಅನಿಲ, ಮೂರೂ ಒಂದೇ ಸೂರಿನಡಿ ಇರುವ ಜಾಗ ಮತ್ತೆಲ್ಲಿದೆ? ಕ್ರೇನು ಕ್ಯಾನುಗಳನ್ನು ಎತ್ತಿ ನೀರಿನಲ್ಲಿ ಅದ್ದಿ ಮಗುಚಿದಾಗ ಆಳೆತ್ತರದ ಐಸ್ ಗಡ್ಡೆಗಳು ಸುಯ್ಯೆಂದು ಜಾರಿಕೊಂಡು ಬಂದವು. ಹುಡುಗಿಯರು ಕಿರುಚಿದರು. ಭಾಯಿ ಒಂದು ಗಡ್ಡೆಯನ್ನು ಒಡೆದು ಎಲ್ಲರ ಅಂಗೈಗೂ ಒಂದೊಂದು ಚೂರು ಇಟ್ಟರು. ತಿನ್ನಬೇಡಿ ಎಂದು ನಾನು ಹೇಳುವುದರೊಳಗೆ ಅರ್ಧ ಮಕ್ಕಳ ಬಾಯಲ್ಲಿ ಐಸು. ಒಬ್ಬಳು ನನ್ನ ಗಂಡನನ್ನು ಕೇಳಿದಳು, "ಸರ್, ಈ ಗ್ಯಾಸ್ ಹೊರಗೆ ಬಂದ್ರೆ ಎಂತ ಆಗ್ತದೆ?"

"ಬರ್ಲಿಕ್ಕೆ ಬಿಡುದಿಲ್ಲ" ಅಂದರು ಇವರು.

ಮಕ್ಕಳು ಅವರನ್ನು ಸರ್ ಎಂದು ಕರೆದದ್ದು ಅವರಿಗೆ ಬಹಳ ದಿನ ಖುಷಿ ಕೊಟ್ಟಿತ್ತು.

ಅದಾದ ಒಂದೆರಡು ವರ್ಷಗಳಲ್ಲೇ ಮೀನು ಕಡಿಮೆಯಾಗುತ್ತ ಬಂತು. ಬೋಟುಗಳು ಹೋದಷ್ಟೇ ಖಾಲಿಯಾಗಿ ಬರುತ್ತಿದ್ದವು. ಡೀಸೆಲ್ ದಂಡ ಎಂದು ಕೆಲವರು ಬೋಟನ್ನು ದಡಕ್ಕೆ ಕಟ್ಟಿಹಾಕಿದರು. ಮೀನಿಲ್ಲದಿದ್ದರೆ ಐಸ್ ಯಾರಿಗೆ ಬೇಕು? ವಾರಗಟ್ಟಲೆ ನಿಲ್ಲಿಸುವುದು, ಬಂಗಡೆ ಸಿಕ್ಕಿತು ಎಂದು ಯಾರಾದರೂ ಫೋನ್ ಮಾಡಿದರೆ ಅವಸರದಲ್ಲಿ ಶುರು ಮಾಡುವುದು. ಹಾಗೆ ನಿಲ್ಲಿಸಿ ನಡೆಸುವುದು ಮಿಷನ್ನಿಗೆ ಒಳ್ಳೆಯದಲ್ಲ ಎಂದು ಇವರು ಮನೆಗೆ ಬಂದು ಗೊಣಗುತ್ತಿದ್ದರು. ಸಮುದ್ರದ ಗಾಳಿಗೆ ಪೈಪುಗಳು ತುಕ್ಕು ಹಿಡಿದು, ಮೇಲಿನ ಬಣ್ಣ ಹಪ್ಪಳದಂತೆ ಎದ್ದಿತ್ತು.

ಫ್ಯಾಕ್ಟರಿಯ ಯಜಮಾನರು ಕೆಟ್ಟವರೇನಲ್ಲ. ಅವರೇ ಒಂದು ಕಾಲದಲ್ಲಿ ಬೋಟಿನಲ್ಲಿ ಹೋದವರು. ಪೈಪ್ ಬದಲಿಸಬೇಕು ಎಂದು ಇವರು ಹೇಳಿದಾಗಲೆಲ್ಲ "ಈ ಸೀಸನ್ ಒಂದು ಆಗ್ಲಿ ಮಾರಾಯ" ಅನ್ನುವರು. ಸೀಸನ್ ಆಗುತ್ತಲೇ ಇರಲಿಲ್ಲ.

ಮಳೆಗಾಲದಲ್ಲಿ ಮೀನುಗಾರಿಕೆಗೆ ನಿಷೇಧ ಇರುವಾಗ ಫ್ಯಾಕ್ಟರಿಯೂ ಮಲಗಿರುತ್ತದೆ. ನಿಷೇಧ ಮುಗಿಯುವ ಮೊದಲು ಬೋಟಿಗೆ ತುಂಬಲು ಐಸ್ ತಯಾರಿರಬೇಕು. ಆ ವರ್ಷವೂ ಹಾಗೆ ಶುರು ಮಾಡಲು ಹೋದರು. ಬೆಳಿಗ್ಗೆ ಜೋರು ಮಳೆ. ರಸ್ತೆಯ ಆಚೆ ಕೊಡೆ ಹಿಡಿದು ನಿಂತಿದ್ದ ಅವರ ಮುಖ ನನಗೆ ಸರಿಯಾಗಿ ಕಾಣಲಿಲ್ಲ. ಅವರ ಬಸ್ಸೇ ಮೊದಲು ಬಂತು.

ನಾನು ಎಂಟನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಸ್ಟಾಫ್ ರೂಮಿನಿಂದ ಜವಾನ ಬಂದು ನಿಮಗೆ ಫೋನ್ ಎಂದ. ಭಾಯಿಯ ದನಿ. ಮೊದಲು ನವಾಯತಿಯಲ್ಲಿ ಏನೋ ಹೇಳಿದರು, ಆಮೇಲೆ ಕನ್ನಡಕ್ಕೆ ಬಂದರು. "ಭಾಬಿ, ಸರಕಾರಿ ಆಸ್ಪತ್ರೆಗೆ ಬನ್ನಿ. ಹೊನ್ನಾವರ. ಜಲ್ದಿ."

ಏನಾಯಿತೆಂದು ಭಾಯಿ ನನಗೆ ಆಮೇಲೆ, ಉಡುಪಿಯ ಕಡೆ ಹೋಗುವ ಆಂಬುಲೆನ್ಸಿನಲ್ಲಿ ಹೇಳಿದರು. ಕಂಪ್ರೆಸರ್ ಚಾಲೂ ಮಾಡಿ ಸ್ವಲ್ಪ ಹೊತ್ತಿಗೆ ದ್ರವ ಹೋಗುವ ಪೈಪು ಬೆಸುಗೆಯ ಜಾಗದಲ್ಲಿ ಸೀಳಿತು. ಭಾಯಿ ಸ್ಪ್ಯಾನರ್ ತರಲು ಹೊರಗೆ ಬಂದಿದ್ದರು. ತಿರುಗಿ ನೋಡಿದರೆ ಬಾಗಿಲಿನಿಂದ ಬೆಳ್ಳಗೆ ಮಂಜು ನೆಲ ಹಿಡಿದು ಬರುತ್ತಿದೆ. ಇವರು ಹೊರಗೆ ಓಡಿ ಬಂದರಂತೆ. ಬಂದವರು ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿದರು. ಗಾಳಿ ಬೀಸುತ್ತಿದ್ದ ಕಡೆ ಶೆಡ್ಡಿನಲ್ಲಿ ಬಲೆ ಹೆಣೆಯುತ್ತ, ಒಣಮೀನು ಆರಿಸುತ್ತ ಹೆಂಗಸರು ಕೂತಿದ್ದರು. ಇವರು ಹೆಗಲ ಮೇಲಿನ ಟವಲನ್ನು ಮಳೆನೀರಿನಲ್ಲಿ ಅದ್ದಿ ಮುಖಕ್ಕೆ ಸುತ್ತಿಕೊಂಡು ಒಳಗೆ ಹೋದರು, ಅಮೋನಿಯ ಟ್ಯಾಂಕಿನ ವಾಲ್ವ್ ಮುಚ್ಚಲು. ಗೋಡೆಗೆ ತೂಗುಹಾಕಿದ್ದ ಮಾಸ್ಕ್ ಆಗಲೇ ಮಂಜಿನೊಳಗೆ ಮುಳುಗಿತ್ತು.

"ಮುಚ್ಚಿದ, ಭಾಬಿ" ಅಂದರು ಭಾಯಿ. "ಪೂರ್ತಿ ಮುಚ್ಚಿದ. ನಾನು ಹೊರಗಿಂದ ಪೈಪ್‌ನಲ್ಲಿ ನೀರು ಹೊಡೀತಾ ಇದ್ದೆ. ಬರೋದು ತಡ ಆಯ್ತು ಅಂತ ನಾನೇ ಒಳಗೆ ಹೋಗಿ ಕಾಲು ಹಿಡಿದು ಎಳೆದೆ." ಅವರ ಕಣ್ಣುಗಳೂ ಕೆಂಡದ ಹಾಗಿದ್ದವು, ಮಾತಿನ ನಡುವೆ ಕೆಮ್ಮುತ್ತಿದ್ದರು.

ಶೆಡ್ಡಿನ ಹೆಂಗಸರಿಗೆ ಕಣ್ಣು ಉರಿ ಬಿಟ್ಟು ಬೇರೇನೂ ಆಗಲಿಲ್ಲ.

ಹೊನ್ನಾವರದಲ್ಲಿ ಕಣ್ಣು ತೊಳೆದು, ಆಕ್ಸಿಜನ್ ಹಾಕಿ, ಇಲ್ಲಿ ಆಗುವುದಿಲ್ಲ ಎಂದರು. ನಮ್ಮ ಕಡೆಯ ಎಲ್ಲರಿಗೂ ಗೊತ್ತಿರುವ ಮಾತು ಅದು. ಭಟ್ಕಳ ದಾಟಿ ಉಡುಪಿಯ ಕಡೆಯ ದೊಡ್ಡ ಆಸ್ಪತ್ರೆಗೆ ಹೊರಟೆವು. ಮಳೆ, ರಸ್ತೆ ಅಗಲ ಮಾಡಲು ಅಗೆದು ಹಾಕಿದ ಗುಡ್ಡದ ಮಣ್ಣು, ಲಾರಿಗಳು. ಇವರು ನನ್ನ ಕೈ ಹಿಡಿದುಕೊಂಡಿದ್ದರು. ಕಣ್ಣಿಗೆ ಪಟ್ಟಿ, ಮೂಗಿಗೆ ಮಾಸ್ಕು. ಏನೋ ಹೇಳಲು ಹೋದರೆ ಗಂಟಲಿನಿಂದ ಗಾಳಿ ಮಾತ್ರ ಬಂತು.

ಐಸಿಯುನ ಹೊರಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ನನಗೆ ವಿವರಿಸಿದರು. ಅಮೋನಿಯ ನೀರನ್ನು ಹುಡುಕಿಕೊಂಡು ಹೋಗುತ್ತದೆ, ಕಣ್ಣು, ಗಂಟಲು, ಶ್ವಾಸಕೋಶ ಎಲ್ಲ ಒದ್ದೆ ಜಾಗ, ಅಲ್ಲಿ ಕರಗಿ ಕ್ಷಾರವಾಗಿ ಸುಡುತ್ತದೆ. ನನಗೆ ಇದು ಗೊತ್ತಿತ್ತು. ಅಮೋನಿಯ ನೀರಿನಲ್ಲಿ ಅತ್ಯಂತ ಸುಲಭವಾಗಿ ಕರಗುವ ಅನಿಲ ಎಂದು ನಾನೇ ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೆ. ಆದರೂ ತಲೆ ಆಡಿಸುತ್ತ ಕೇಳಿದೆ.

"ಗಾಯ ಮಾಗ್ತದಲ್ಲ ಡಾಕ್ಟ್ರೇ?"

"ಮಾಗ್ತದೆ ಮೇಡಂ. ಆದರೆ ಮಾಗಿದ ಕಡೆ ಕಲೆ ಕಟ್ಟಿ ಗಟ್ಟಿಯಾಗ್ತದೆ. ಶ್ವಾಸಕೋಶದ ಒಳಗಿನ ಸಣ್ಣ ಸಣ್ಣ ನಾಳಗಳು ಮುಚ್ಚಿಕೊಳ್ತವೆ. ಅದನ್ನ ಮತ್ತೆ ತೆರೆಯುವ ಔಷಧ ನಮ್ಮ ಹತ್ರ ಇಲ್ಲ."

ಅವರಿಗೆ ಒಂದು ಕಣ್ಣು ಮಸುಕಾಗಿ ಉಳಿಯಿತು. ಇನ್ನೊಂದು ಹೋಯಿತು. ದನಿ ಒಂದಿಷ್ಟು ತಿರುಗಿ ಬಂತು, ಆದರೆ ಅದು ಅವರ ದನಿ ಅಲ್ಲ. ಮನೆಗೆ ಕರೆತರುವಾಗ ಜೊತೆಗೆ ಆಕ್ಸಿಜನ್ ಮಿಷನ್ ಬಂತು. ಕೋಣೆಯ ಗಾಳಿಯನ್ನು ಎಳೆದು, ಸಾರಜನಕವನ್ನು ಬೇರೆ ಮಾಡಿ, ಆಮ್ಲಜನಕವನ್ನು ಕೊಳವೆಯಲ್ಲಿ ಮೂಗಿಗೆ ಬಿಡುವ ಪೆಟ್ಟಿಗೆ. ಹಗಲೂ ರಾತ್ರಿ ಅದರ ಸದ್ದು. ಕೊಳವೆ ಎಷ್ಟು ಉದ್ದವೋ ಅಷ್ಟೇ ಅವರ ಮನೆ. ಮಂಚದಿಂದ ಹಿಂದಿನ ಬಾಗಿಲಿಗೆ ಮುಟ್ಟುತ್ತಿತ್ತು, ಅಂಗಳಕ್ಕೆ ಮುಟ್ಟುತ್ತಿರಲಿಲ್ಲ.

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗುವುದು ಹೊಸತಲ್ಲ. ತೆಂಗಿನ ಮಡಲು ಬಿದ್ದು ತಂತಿ ತುಂಡಾದರೆ ಲೈನ್‌ಮನ್ ಬರುವ ತನಕ ಕಾಯಬೇಕು. ಅದಕ್ಕೆಂದು ಒಂದು ಆಕ್ಸಿಜನ್ ಸಿಲಿಂಡರ್ ಇಟ್ಟುಕೊಂಡಿದ್ದೆವು. ಖಾಲಿಯಾದರೆ ಭಾಯಿ ಯಾರದ್ದಾದರೂ ರಿಕ್ಷಾದಲ್ಲಿ ಹಾಕಿಕೊಂಡು ಹೋಗಿ ತುಂಬಿಸಿ ತರುತ್ತಿದ್ದರು. ತಂದವರು ಮಂಚದ ಹತ್ತಿರ ಕೂತು ಬಂದರಿನ ಸುದ್ದಿ ಹೇಳುವರು. ಯಾವ ಬೋಟು ಹೋಯಿತು, ಯಾರಿಗೆ ಏನು ಸಿಕ್ಕಿತು. ಹೆಚ್ಚಾಗಿ ಏನೂ ಸಿಕ್ಕಿರುತ್ತಿರಲಿಲ್ಲ. ಆಗ ಭಾಯಿ ಸುಳ್ಳು ಸೇರಿಸುತ್ತಿದ್ದರು ಎಂದು ನನಗೆ ಅನುಮಾನ.

ಶಾಲೆಯಲ್ಲಿ ವಿಸರಣೆಯ ಪಾಠಕ್ಕೆ ನಾನು ತರಗತಿಯ ಮೂಲೆಯಲ್ಲಿ ಊದುಬತ್ತಿ ಹಚ್ಚುತ್ತಿದ್ದೆ. ಪರಿಮಳ ಯಾವ ಸಾಲಿಗೆ ಯಾವಾಗ ಮುಟ್ಟಿತು ಎಂದು ಮಕ್ಕಳು ಕೈ ಎತ್ತಿ ಹೇಳುವುದು. ಅದನ್ನು ಬಿಟ್ಟುಬಿಟ್ಟೆ. ಸೀರೆಗೆ ಹತ್ತಿದ ಹೊಗೆಗೂ ಇವರಿಗೆ ಕೆಮ್ಮು ಬರುತ್ತಿತ್ತು. ಮನೆಯಲ್ಲಿ ಒಗ್ಗರಣೆ ಬಿಟ್ಟೆ, ಮೆಣಸು ಹುರಿಯುವುದು ಬಿಟ್ಟೆ. ಬೇಯಿಸಿದ್ದು ಮಾತ್ರ. ಒಂದು ದಿನ ಊಟದ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಅಂದರು, "ಒಂದು ಬಂಗಡೆ ಹುರಿದು ಕೊಡು ಮಾರಾಯ್ತಿ. ಖಾರ ಹಚ್ಚಿ."

ಪಕ್ಕದ ಮನೆಯ ಅಕ್ಕನ ಅಡುಗೆಮನೆಗೆ ಹೋಗಿ ಹುರಿದೆ. ಬಾಳೆ ಎಲೆಯಲ್ಲಿ ಸುತ್ತಿ ಬಿಸಿ ಇರುವಾಗಲೇ ಓಡಿಕೊಂಡು ತಂದೆ. ಅವರು ಎಲೆ ಬಿಚ್ಚಿ, ಮುಖದ ಹತ್ತಿರ ತಂದುಕೊಂಡು, ಮತ್ತೆ ಮತ್ತೆ ಮೂಸಿದರು.

"ಎಂತ ಆತು?" ಅಂದೆ.

"ವಾಸನೆ ಇಲ್ಲ."

"ಈಗಷ್ಟೇ ಹುರಿದದ್ದು. ಬಿಸಿ ಅದೆ ನೋಡಿ."

"ಮೀನಿಗೆ ಇರ್ತದೆ. ನಂಗೆ ಬರುದಿಲ್ಲ." ಎರಡು ತುತ್ತು ತಿಂದು, ಚೆನ್ನಾಗಿದೆ ಎಂದರು. ಮತ್ತೆ ಕೇಳಲಿಲ್ಲ.

ಫ್ಯಾಕ್ಟರಿ ಆ ದಿನ ನಿಂತದ್ದು ಮತ್ತೆ ನಡೆಯಲಿಲ್ಲ. ಯಜಮಾನರು ಒಂದೆರಡು ಸಲ ನೋಡಲು ಬಂದರು. ಬಂದಾಗ ಮಂಚದ ಕಾಲಿನ ಕಡೆ ನಿಂತು, ಕೂತುಕೊಳ್ಳಿ ಎಂದರೂ ಕೂರದೆ, ಅತ್ತರು. ಅವರನ್ನು ಬಯ್ಯಬೇಕೆಂದು ನಾನು ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಅಳುವವರ ಮುಂದೆ ಅವು ಉಪಯೋಗಕ್ಕೆ ಬರಲಿಲ್ಲ. ಅವರು ಹೋದ ಮೇಲೆ ಇವರೇ ನನಗೆ ಸಮಾಧಾನ ಹೇಳಿದರು, "ಅವರಿಗೂ ಎಂತ ಉಳೀಲಿಲ್ಲ ಬಿಡು." ಮುಂದಿನ ಬೇಸಿಗೆಗೆ ಕಂಪ್ರೆಸರ್ ಗುಜರಿಗೆ ಹೋಯಿತು ಎಂದು ಭಾಯಿಯಿಂದ ಗೊತ್ತಾಯಿತು. ಕತ್ತರಿಸಿ ತುಂಡು ಮಾಡಿ ಲಾರಿಗೆ ಹಾಕಿದರಂತೆ. ಇವರು ಕೇಳಿಸಿಕೊಂಡು, ಗೋಡೆಯ ಕಡೆ ತಿರುಗಿ ಮಲಗಿದರು.

ಭಾಯಿಗೆ ಎರಡು ಹೆಣ್ಣುಮಕ್ಕಳು, ಕೆಲಸ ಇಲ್ಲ. ಆ ವಯಸ್ಸಿನಲ್ಲಿ ದುಬೈಗೆ ಹೊರಟರು, ಯಾವುದೋ ಕೋಲ್ಡ್ ಸ್ಟೋರೇಜಿಗೆ. ಹೇಳಿ ಹೋಗಲು ಬಂದಾಗ ಹೊಸ ಅಂಗಿ ಹಾಕಿದ್ದರು, ಗಡ್ಡ ಟ್ರಿಮ್ ಮಾಡಿಸಿದ್ದರು.

"ಅಲ್ಲಿನ ಮಿಷನ್ ಎಲ್ಲ ಹೊಸತಂತೆ" ಅಂದರು. "ಕಂಪ್ಯೂಟರ್ ನೋಡ್ತದೆ. ಸ್ವಲ್ಪ ಗ್ಯಾಸ್ ಬಂದ್ರೆ ತಾನೇ ಕೂಗ್ತದೆ, ತಾನೇ ಮುಚ್ತದೆ."

ಇವರು ನಕ್ಕರು. ನಕ್ಕರೆ ಕೆಮ್ಮು ಬರುತ್ತಿತ್ತು. ಕೆಮ್ಮು ನಿಂತ ಮೇಲೆ, "ಒಳ್ಳೇದು. ಒಳಗೆ ಹೋಗುವ ಕೆಲಸ ಇಲ್ಲ ಹಂಗಾರೆ" ಅಂದರು.

"ಇಲ್ಲ. ಹೋಗೂದಿಲ್ಲ ನಾನು."

"ಹೋಗಬೇಡ."

ಭಾಯಿ ಅವರ ಪಾದ ಹಿಡಿದುಕೊಂಡು ಕೂತರು. ಚಹ ಮಾಡಿ ತಂದೆ, ಇಬ್ಬರೂ ಕುಡಿಯಲಿಲ್ಲ. ಬಾಗಿಲಿನ ಹತ್ತಿರ ಬಂದು ಭಾಯಿ ನನಗೆ ಒಂದು ರಿಕ್ಷಾದವನ ನಂಬರು ಕೊಟ್ಟರು, ಸಿಲಿಂಡರಿಗೆ. "ಒಳ್ಳೆಯವನು, ಭಾಬಿ. ಕರೆದರೆ ಬರ್ತಾನೆ." ಆ ರಿಕ್ಷಾದವನು ಕರೆದಾಗಲೆಲ್ಲ ಬಂದ. ಆದರೆ ಮಂಚದ ಹತ್ತಿರ ಕೂತು ಬಂದರಿನ ಸುದ್ದಿ ಹೇಳುವವರು ಇನ್ನು ಯಾರೂ ಇರಲಿಲ್ಲ.

ಭಾಯಿ ಮೊದಲ ರಂಜಾನ್ ರಜೆಗೆ ಊರಿಗೆ ಬರುವ ಮುಂಚೆಯೇ ಇವರಿಗೆ ಒಂದು ಜ್ವರ ಬಂತು. ಸಾಮಾನ್ಯ ಜ್ವರ, ಪಕ್ಕದ ಮನೆಯ ಅಕ್ಕನಿಗೂ ಬಂದು ಹೋಗಿತ್ತು. ಮತ್ತೆ ಅದೇ ದಾರಿಯಲ್ಲಿ ಅದೇ ಆಸ್ಪತ್ರೆಗೆ ಹೋದೆವು. ಆ ಚಿಕ್ಕ ವಯಸ್ಸಿನ ಡಾಕ್ಟರು ಇರಲಿಲ್ಲ, ಬೇರೆಯವರಿದ್ದರು. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ನನ್ನನ್ನು ಹೊರಗೆ ಕರೆದು, ವೆಂಟಿಲೇಟರ್ ಹಾಕಬಹುದು, ಆದರೆ ಹಾಕಿದರೆ ತೆಗೆಯಲು ಆಗುವುದು ಕಷ್ಟ ಎಂದರು. ನಾನು ಒಳಗೆ ಬಂದು ಇವರನ್ನೇ ಕೇಳಿದೆ. ಇವರ ವಿಷಯವನ್ನು ಬೇರೆ ಯಾರನ್ನು ಕೇಳಲಿ?

"ಬೇಡ" ಅಂದರು. ಆಮೇಲೆ, "ಮನೆಗೆ ಹೋಗುವ" ಅಂದರು.

ಮನೆಗೆ ಕರೆದುಕೊಂಡು ಬಂದೆ. ಮೂರನೆಯ ದಿನ ಮಧ್ಯಾಹ್ನ, ನಾನು ಅವರ ಬೆನ್ನಿಗೆ ದಿಂಬು ಒತ್ತುಕೊಡುತ್ತಿರುವಾಗ, ಹೋದರು. ಮಿಷನ್ ನಡೆಯುತ್ತಲೇ ಇತ್ತು. ಯಾರೋ ಬಂದು ಆರಿಸುವ ತನಕ ನನಗೆ ಅದು ನೆನಪಾಗಲಿಲ್ಲ. ಭಾಯಿಗೆ ಫೋನ್ ಮಾಡಿದೆ. ಆ ಕಡೆಯಿಂದ ಅವರು ನವಾಯತಿಯಲ್ಲಿ ಏನೋ ಹೇಳುತ್ತ ಹೋದರು, ಈ ಸಲ ಕನ್ನಡಕ್ಕೆ ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಲೈನು ತಾನೇ ಕಟ್ಟಾಯಿತು.

ಹೋದ ತಿಂಗಳು ಸಂತೆಗುಳಿಯಿಂದ ಒಬ್ಬರು ಬಂದಿದ್ದರು. ಯಾರದೋ ಅಡಕೆ ತೋಟದಲ್ಲಿ ಕೆಲಸ ಮಾಡುವವರು, ಹೆಂಡತಿಗೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ, ಕಾರಣ ಡಾಕ್ಟರಿಗೂ ಗೊತ್ತಿಲ್ಲವಂತೆ. ಆಕ್ಸಿಜನ್ ಮಿಷನ್ ನಮ್ಮಲ್ಲಿ ಸುಮ್ಮನೆ ಇದೆ ಎಂದು ಕುಮಟೆಯ ಔಷಧದ ಅಂಗಡಿಯವರು ಹೇಳಿದ್ದರು. ಕೊಡುತ್ತೇನೆ ಎಂದೆ. ಗಾಳಿಯನ್ನು ತೇವ ಮಾಡುವ ಬಾಟಲಿಗೆ ಕಾಯಿಸಿ ಆರಿಸಿದ ನೀರು ಹಾಕುವುದು, ಹಿಂದಿನ ಜಾಲರಿಯನ್ನು ವಾರಕ್ಕೊಮ್ಮೆ ತೊಳೆಯುವುದು, ಹತ್ತಿರ ಒಲೆ ಇಡದಿರುವುದು, ಎಲ್ಲ ತೋರಿಸಿದೆ. ಅವರು ಮಕ್ಕಳ ಹಾಗೆ ಒಂದೊಂದನ್ನೂ ತಿರುಗಿ ಹೇಳಿ ಒಪ್ಪಿಸಿದರು. ರಿಕ್ಷಾದ ಹಿಂದಿನ ಸೀಟಿನಲ್ಲಿ ಮಿಷನ್ ಇಟ್ಟು, ಲುಂಗಿಯಿಂದ ಸುತ್ತಿ, ಹಗ್ಗ ಕಟ್ಟಿದರು. ಕಟ್ಟಿ ಮುಗಿದ ಮೇಲೆ ನನ್ನ ಕಡೆ ತಿರುಗಿದರು.

"ಅಕ್ಕೋರೆ, ಇದು ಹಾಕಿದ್ರೆ ಗುಣ ಆಗ್ತದೆ ಅಲ್ದಾ?"

ಹೌದು ಎನ್ನಬಹುದಿತ್ತು. "ಉಸಿರು ತಕ್ಕೊಳ್ಳುದು ಸ್ವಲ್ಪ ಸುಲಭ ಆಗ್ತದೆ" ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. ಬೇರೆ ಏನಾದರೂ ಹೇಳಬಹುದು ಎಂದು ಕಾದರು. ನಾನು ಹಗ್ಗದ ಗಂಟನ್ನು ಇನ್ನೊಮ್ಮೆ ಬಿಗಿ ಮಾಡಿದೆ.

"ಆತು" ಅಂದರು. ಅಂದು, ಮಿಷನ್ ಅಲುಗಾಡದಂತೆ ಒಂದು ಕೈಯಿಂದ ಒತ್ತಿ ಹಿಡಿದುಕೊಂಡು, ಅದರ ಪಕ್ಕದಲ್ಲೇ ಒರಗಿ ಕೂತರು. ರಿಕ್ಷಾ ಹೆದ್ದಾರಿಗೆ ಹತ್ತಿ ಕುಮಟೆಯ ಕಡೆ ತಿರುಗಿತು. ನಾನು ಒಳಗೆ ಬಂದು ಅದು ಇದ್ದ ಜಾಗವನ್ನು ಗುಡಿಸಿದೆ. ಅಡಿಯಲ್ಲಿ ಧೂಳು ಬಹಳ ಕೂತಿತ್ತು.